ಉಸಿರು ಬಿಟ್ಟು ಹಿಡ್ಕೊಳ್ಳಿ

ಹೃದಯದ ಎಂಆರ್‌ಐ ಮಾಡಲು ಶುರು ಮಾಡಿದಾಗ ಮಂಡಿ, ಬೆನ್ನುಮೂಳೆ ಸ್ಕ್ಯಾನ್‌ಗಳಲ್ಲಿ ನನ್ನ ಕೈ ಪಳಗಿತ್ತು. ಆದರೆ ಮಂಡಿ ಸುಮ್ನೆ ಇರುತ್ತದೆ. ಹೃದಯ ಬಡಿಯುತ್ತದೆ, ಜೊತೆಗೆ ಉಸಿರಾಡಿದಂತೆಲ್ಲ ಜಾಗ ಬದಲಿಸುತ್ತದೆ.

ಬಡಿತವನ್ನು ಹಿಡಿಯಲು ಇಸಿಜಿ ಇದೆ. ಅದರಲ್ಲಿ ಪ್ರತಿ ಬಡಿತಕ್ಕೂ ಚೂಪಾಗಿ ಏಳುವ ಆರ್ ಅಲೆಯನ್ನು ನೋಡಿಕೊಂಡು ಮೆಷಿನ್ ಚಿತ್ರ ತೆಗೆಯುತ್ತದೆ. ಮ್ಯಾಗ್ನೆಟ್ ಒಳಗೆ ಹರಿಯುವ ರಕ್ತದಿಂದಲೇ, ಆರ್ ಆದ ಮೇಲೆ ಬರುವ ಟಿ ಅಲೆ ಉಬ್ಬುತ್ತದೆ, ಮೆಷಿನ್ ಅದನ್ನೇ ಆರ್ ಅಂದುಕೊಂಡುಬಿಡಬಹುದು. ಹಾಗಾಗಿ ಎದೆಯ ಕೂದಲು ತೆಗೆದು, ಚರ್ಮ ಚೆನ್ನಾಗಿ ಒರೆಸಿ ಎಲೆಕ್ಟ್ರೋಡ್ ಅಂಟಿಸುತ್ತೇನೆ. ಆರ್ ಅಲೆ ಎತ್ತರವಾಗಿ ಕಾಣುವವರೆಗೆ ಯಾರನ್ನೂ ಒಳಗೆ ಕಳಿಸುವುದಿಲ್ಲ.

ಉಸಿರಿನ ಪಾಠ ಕಲಿಸಿದ್ದು ಒಬ್ಬ ಹುಡುಗ. ಇಪ್ಪತ್ತರ ಆಸುಪಾಸಿನವನು. ಎದೆನೋವು ಬಂದಿತ್ತು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಜಾಸ್ತಿ ಇತ್ತು, ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ಹೆಡ್‌ಫೋನಿನಲ್ಲಿ ರೆಕಾರ್ಡ್ ಆದ ದನಿ ಹೇಳಿದಂತೆ ಅವನು ಉಸಿರು ಎಳೆದು ಹಿಡಿಯುತ್ತಿದ್ದ. ಒಮ್ಮೆ ಪೂರ್ತಿ, ಒಮ್ಮೆ ಅರ್ಧ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಹೃದಯದ ಜಾಗ ಸರಿಹೊಂದುತ್ತಲೇ ಇರಲಿಲ್ಲ.

ಅವನನ್ನು ಹೊರಗೆ ತಂದು ಪಕ್ಕದಲ್ಲಿ ನಿಂತೆ. "ನೋಡಪ್ಪಾ, ಎಳ್ಕೋ. ಈಗ ಬಿಡು. ಬಿಟ್ಟ ಮೇಲೆ ಹಾಗೇ ಹಿಡ್ಕೋ." ಹೊಟ್ಟೆಯ ಮೇಲೆ ಕೈಯಿಟ್ಟು ನಾಲ್ಕೈದು ಸಲ ಅಭ್ಯಾಸ ಮಾಡಿಸಿದೆ. ಉಸಿರು ಎಳೆಯುವಾಗ ಪ್ರತಿ ಸಲ ಹೆಚ್ಚುಕಡಿಮೆ ಆಗುತ್ತದೆ. ಬಿಟ್ಟಾಗ ಎದೆ-ಹೊಟ್ಟೆಯ ನಡುವಿನ ಸ್ನಾಯುವಾದ ವಪೆ ಹೆಚ್ಚೂಕಮ್ಮಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹತ್ತು ಸೆಕೆಂಡ್ ಸಾಕು. ರೆಕಾರ್ಡ್ ದನಿ ನಿಲ್ಲಿಸಿ ನಾನೇ ಮೈಕಿನಲ್ಲಿ ಹೇಳುತ್ತಾ ಹೋದೆ.

ಗಾಯ ಎದ್ದು ಕಾಣಿಸುವ ಔಷಧಿ ಗ್ಯಾಡೋಲಿನಿಯಂ ಕೊಟ್ಟು ಹತ್ತು ನಿಮಿಷ ಕಾದೆ. ಆಮೇಲೆ ಇನ್ವರ್ಷನ್ ಟೈಮ್, ಅಂದರೆ ಚಿತ್ರ ತೆಗೆಯುವ ಮುಂಚೆ ಮೆಷಿನ್ ಕಾಯುವ ಚಿಕ್ಕ ಹೊತ್ತನ್ನು ಹೊಂದಿಸಬೇಕು: ಆರೋಗ್ಯವಾಗಿರುವ ಸ್ನಾಯು ಕಪ್ಪಾಗಬೇಕು, ಪೆಟ್ಟು ತಿಂದ ಜಾಗ ಬೆಳ್ಳಗೆ ಕಾಣಬೇಕು. ಔಷಧಿ ಇಳಿಯುತ್ತಾ ಹೋದಂತೆ ಈ ಟೈಮ್ ಸ್ವಲ್ಪಸ್ವಲ್ಪವೇ ಹೆಚ್ಚಬೇಕು. ಮರೆತರೆ ಸ್ನಾಯು ಬೂದು ಬಣ್ಣಕ್ಕೆ ತಿರುಗಿ, ಸಣ್ಣ ಗಾಯ ಅದರಲ್ಲೇ ಮುಚ್ಚಿಹೋಗುತ್ತದೆ. ನನಗೆ ಇದು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಹೊತ್ತು.

ಹೃದಯಾಘಾತದ ಗಾಯ ಹೃದಯದ ಗೋಡೆಯ ಒಳಬದಿಯಿಂದ ಶುರುವಾಗುತ್ತದೆ. ಈ ಹುಡುಗನಿಗೆ ಹೃದಯದ ಪಕ್ಕೆಯ ಗೋಡೆಯ ಹೊರಬದಿಯಲ್ಲಿ ತೆಳ್ಳನೆಯ ಬಿಳಿ ಪಟ್ಟಿ ಇತ್ತು. ಮೊದಲು ತೆಗೆದಂಥ ಮಸುಕು ಚಿತ್ರಗಳಲ್ಲಿ ಅದು ಖಂಡಿತ ಕಾಣುತ್ತಿರಲಿಲ್ಲ. ಡಾಕ್ಟರು ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ ಎಂದು ವರದಿ ಬರೆದರು.

ಈಗ ಯಾರೇ ಬಂದರೂ ಮೊದಲ ಐದು ನಿಮಿಷ ಉಸಿರಿನ ಅಭ್ಯಾಸಕ್ಕೇ ಮೀಸಲು. ಹೃದಯ ಸೋತವರಿಗೆ ಅಷ್ಟು ಹೊತ್ತು ಹಿಡಿಯಲು ಆಗುವುದಿಲ್ಲ. ಅವರಿಗೆ ಸಣ್ಣ ಸಣ್ಣ ಸ್ಕ್ಯಾನ್ ಇಟ್ಟು, ನಡುವೆ ಸುಧಾರಿಸಿಕೊಳ್ಳಲು ಬಿಡುತ್ತೇನೆ.