ಸಾಲಿನಲ್ಲಿ ಕಾಣಿಸದವರು: ಪರಿಹಾರ ಹಂಚುವವರಿಗೆ ಒಂದಿಷ್ಟು ಮಾತು

ಪರಿಹಾರ ಶಿಬಿರಕ್ಕೆ ಹೊಸದಾಗಿ ಬರುವ ಸ್ವಯಂಸೇವಕರು ಮೊದಲು ಕೇಳುವುದು ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ. ಲಾರಿ ಬರುತ್ತದೆ ಬಿಡಿ. ಪರಿಹಾರ ಸಿಗಬೇಕಾದವರ ಪಟ್ಟಿ ಯಾರು ಬರೆದರು ಎಂದು ನಾನು ತಿರುಗಿ ಕೇಳುತ್ತೇನೆ. ತಾರತಮ್ಯ ಬಹುಮಟ್ಟಿಗೆ ಪಟ್ಟಿ ಬರೆಯುವಾಗಲೇ ನಡೆದುಹೋಗಿರುತ್ತದೆ. ಹಂಚುವ ದಿನ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೆ.

ಪಟ್ಟಿಯನ್ನು ಒಬ್ಬ ಮುಖಂಡನ ಕೈಗೆ ಪೂರ್ತಿ ಬಿಟ್ಟುಕೊಡಬೇಡಿ. ಆತ ಕೆಟ್ಟವನೇ ಆಗಿರಬೇಕೆಂದಿಲ್ಲ, ಆದರೆ ಯಾರಿಗಾದರೂ ತಮ್ಮವರೇ ಮೊದಲು ನೆನಪಾಗುವುದು. ಇನ್ನು ಕೆಟ್ಟವರೇ ಆಗಿದ್ದರೆ? 1994ರಲ್ಲಿ ರುವಾಂಡಾದಿಂದ ಓಡಿಬಂದವರಿಗಾಗಿ ನೆರೆಯ ಜೈರ್ (ಈಗಿನ ಕಾಂಗೋ) ದೇಶದ ಗೋಮಾದಲ್ಲಿ ತೆರೆದ ಶಿಬಿರಗಳಲ್ಲಿ ಆಹಾರವನ್ನು ಮೊದಮೊದಲು ನಾಯಕರ ಮೂಲಕವೇ ಹಂಚಿದರು. ಆ ನಾಯಕರಲ್ಲಿ ನರಮೇಧ ನಡೆಸಿದವರೂ ಇದ್ದರು. ಅವರು ತಲೆಯೆಣಿಕೆ ಉಬ್ಬಿಸಿದರು, ದಾಸ್ತಾನು ತಮ್ಮ ಹಿಡಿತಕ್ಕೆ ತೆಗೆದುಕೊಂಡರು. ಆದ್ದರಿಂದ ಮುಖಂಡರ ಪಟ್ಟಿಯ ಜೊತೆಗೆ ಶಿಕ್ಷಕಿ, ಸೂಲಗಿತ್ತಿ, ಕೂಲಿಗೆ ಹೋಗುವವರು, ಹೀಗೆ ಮೂರು ನಾಲ್ಕು ಕಡೆಯಿಂದ ಬೇರೆ ಬೇರೆಯಾಗಿ ಹೆಸರು ಬರೆಸಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳ ಕೆಳಗೆ ಗೆರೆ ಎಳೆದು, ಆ ಮನೆಗಳಿಗೆ ನಡೆದೇ ಹೋಗಿ.

ಹೋದಾಗ ‘ಮನೆ ಯಾರದ್ದು’ ಎಂದು ಕೇಳಬೇಡಿ, ‘ಇಲ್ಲಿ ಎಷ್ಟು ಒಲೆ ಉರಿಯುತ್ತವೆ’ ಎಂದು ಕೇಳಿ. ಮನೆ ಎಣಿಸಿದರೆ ಬಾಡಿಗೆಯವರು ಬಿಟ್ಟುಹೋಗುತ್ತಾರೆ, ಮಗನ ಹೆಸರಿನಡಿ ವಿಧವೆ ತಾಯಿ ಮರೆಯಾಗುತ್ತಾಳೆ. ಆಸ್ತಿ ಎಣಿಸಿದರಂತೂ ಇನ್ನೂ ಕಷ್ಟ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ನಷ್ಟ ಎಂದರೆ ದೋಣಿ, ಬಲೆ ಎಂದಾಯಿತು. ಆ ದೋಣಿಗಳನ್ನೇ ನಂಬಿ ಕೂಲಿ ಮಾಡುತ್ತಿದ್ದ ಎಷ್ಟೋ ದಲಿತ ಕುಟುಂಬಗಳು ಪಟ್ಟಿಯಿಂದ ಹೊರಗುಳಿದವು. ಕಾಗದಪತ್ರ ಕಳೆದುಕೊಂಡವರಿಗೆ ಇಬ್ಬರು ನೆರೆಯವರ ಮಾತೇ ಸಾಕ್ಷಿಯಾಗಲಿ. ಶಿಬಿರಕ್ಕೆ ಬಾರದೆ ನೆಂಟರ ಮನೆ ಸೇರಿಕೊಂಡವರನ್ನೂ, ಅವರಿಗೆ ಊಟ ಹಾಕುತ್ತಿರುವ ಆ ನೆಂಟರನ್ನೂ ಸೇರಿಸಿ.

ಎಲ್ಲರಿಗೂ ಒಂದೊಂದು ಕಿಟ್ ಕೊಟ್ಟರೆ ಸಮಾನತೆ ಆಯಿತೆಂದು ಬಹಳ ಜನ ನೆಮ್ಮದಿಯಾಗಿರುತ್ತಾರೆ. ಇಬ್ಬರಿರುವ ಮನೆಗೂ ಒಂಬತ್ತು ಜನರಿರುವ ಮನೆಗೂ ಒಂದೇ ಚೀಲವೇ? ನೆರವು ಸಂಸ್ಥೆಗಳು ಸೇರಿ ರೂಪಿಸಿಕೊಂಡ, 1997ರಲ್ಲಿ ಶುರುವಾದ ಸ್ಫಿಯರ್ ಮಾನದಂಡಗಳು ಲೆಕ್ಕವನ್ನು ತಲೆಗೇ ಹಾಕುತ್ತವೆ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕ್ಯಾಲೊರಿ ಆಹಾರ, 20 ಜನರಿಗೆ ಒಂದು ಶೌಚಾಲಯ. ಶೌಚಾಲಯದಲ್ಲಿ ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು ಎಂಬ ಲೆಕ್ಕ ಕೇಳಿ ನಗುವವರನ್ನು ಒಂದು ದಿನ ಹೆಂಗಸರ ಸಾಲಿನ ಪಕ್ಕ ನಿಲ್ಲಿಸಿ, ಸಾಕು.

ಹಂಚುವ ಜಾಗ ಡಾಂಬರು ರಸ್ತೆಯ ಪಕ್ಕದಲ್ಲೇ ಇರಬೇಕೆಂದು ಲಾರಿಯವರು ಹಟ ಹಿಡಿಯುತ್ತಾರೆ. ಅವರಿಗೆ ಅದು ಅನುಕೂಲ. ದೂರದ ಕೇರಿಯಿಂದ ಕೋಲೂರಿಕೊಂಡು ಬಂದ ಮುದುಕಿ 25 ಕಿಲೋ ಚೀಲವನ್ನು ಹೇಗೆ ಹೊರಬೇಕು? ಕೂಲಿ ಕೊಟ್ಟು ಹೊರಿಸಿದರೆ ಅರ್ಧ ಚೀಲ ಕೂಲಿಗೇ ಹೋಗುತ್ತದೆ. ಸಣ್ಣ ಚೀಲ ಕಟ್ಟಿಸಿ, ಇಲ್ಲವೇ ಮನೆಗೇ ತಲುಪಿಸಿ. ವೃದ್ಧರು, ಬಸುರಿಯರು, ಅಂಗವಿಕಲರಿಗೆ ಬೇರೆ ಸಾಲು, ಬೇರೆ ಹೊತ್ತು ಇರಲಿ. ಕತ್ತಲಾಗುವ ಮುಂಚೆ ಹೆಂಗಸರು ಮನೆ ಸೇರುವ ಹಾಗೆ ಮುಗಿಸಿ.

ಹಂಚುವ ಮುನ್ನ ಧ್ವನಿವರ್ಧಕದಲ್ಲಿ ಹೇಳಲೇಬೇಕಾದ ಮಾತೊಂದಿದೆ: ಇದು ಪುಕ್ಕಟೆ, ಇದಕ್ಕಾಗಿ ಯಾರೂ ಹಣವನ್ನಾಗಲಿ ಬೇರೆ ಯಾವುದನ್ನಾಗಲಿ ಕೇಳುವಂತಿಲ್ಲ. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ನಿರಾಶ್ರಿತ ಹೆಣ್ಣುಮಕ್ಕಳನ್ನು ನೆರವಿನ ಕೆಲಸಗಾರರೇ ಆಹಾರದ ಆಮಿಷ ಒಡ್ಡಿ ಲೈಂಗಿಕವಾಗಿ ಬಳಸಿಕೊಂಡದ್ದು 2002ರಲ್ಲಿ ಬಯಲಿಗೆ ಬಂತು. ನಮ್ಮ ತಂಡದಲ್ಲಿ ಅಂಥವರಿಲ್ಲ ಎಂಬ ನಂಬಿಕೆಯ ಮೇಲೆ ಕೆಲಸ ನಡೆಸಬೇಡಿ.

ದೂರಿನ ಪೆಟ್ಟಿಗೆ ನೇತುಹಾಕಿ ಕೈತೊಳೆದುಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಓದು ಬರಹ ಬಾರದವರು ಅದರಲ್ಲಿ ಏನು ಹಾಕಬೇಕು? ಒಂದು ಮೇಜು ಹಾಕಿ, ಹಂಚಿಕೆಗೆ ಸಂಬಂಧವಿಲ್ಲದ ಹೆಂಗಸೊಬ್ಬರನ್ನು ಕೂರಿಸಿ. ಯಾರಿಗೆ ಎಷ್ಟು ಪಾಲು ಎಂಬುದನ್ನು ಗಟ್ಟಿಯಾಗಿ ಓದಿಸಿ. ಯಾರಾದರೂ ಬೆನ್ನಟ್ಟಿ ಬಂದಾರು ಎಂಬ ಭಯವಿರುವವರ ಹೆಸರು ಮಾತ್ರ ಹೊರಗೆ ಬರಕೂಡದು.

ಒಂದಿಷ್ಟು ಚೀಲಗಳನ್ನು ಮೊದಲೇ ತೆಗೆದಿಡಿ. ವಾರದೊಳಗೆ ರಸ್ತೆಯಿಂದ ಒಳಗಿರುವ ಮನೆಗಳನ್ನು ಸುತ್ತಿ, ಏನು ಸಿಕ್ಕಿತು, ಅದಕ್ಕೆ ಯಾರಿಗಾದರೂ ಏನಾದರೂ ಕೊಡಬೇಕಾಯಿತೇ, ಪಕ್ಕದಲ್ಲಿ ಯಾರಿಗೆ ಸಿಕ್ಕಿಲ್ಲ ಎಂದು ವಿಚಾರಿಸಿ. ಮೂರನೆಯ ಪ್ರಶ್ನೆಗೆ ಬರುವ ಹೆಸರುಗಳಿಗೇ ಆ ಚೀಲಗಳು.