ಗಿಳಿಗೆ ದಿನಕ್ಕೆ ಎಷ್ಟು ಹಾಕಬೇಕು? ನಮ್ಮನೆ ಹಕ್ಕಿಯ ಲೆಕ್ಕ

ಗಿಳಿ ಸಾಕಿದವರ ಮನೆಯಲ್ಲಿ ಸಾಮಾನ್ಯವಾಗಿ ಒಂದೇ ಅಳತೆ: ಬಟ್ಟಲು ತುಂಬ. ಖಾಲಿ ಕಂಡರೆ ತುಂಬುವುದು, ತುಂಬಿದಂತೆ ಕಂಡರೆ ಸುಮ್ಮನಿರುವುದು. ಆದರೆ ಗಿಳಿಯ ಬಟ್ಟಲನ್ನು ನಂಬುವ ಹಾಗಿಲ್ಲ. ಅದು ಕಾಳನ್ನು ಕೊಕ್ಕಿನಲ್ಲೇ ಬಿಡಿಸಿ, ತಿರುಳು ನುಂಗಿ, ಹೊಟ್ಟನ್ನು ಅಲ್ಲೇ ಉದುರಿಸುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿಯೇ ಇದೆ. ಒಳಗೆ ತಿನ್ನೋಕೆ ಒಂದು ಕಾಳೂ ಇಲ್ಲದಿರಬಹುದು. ಇನ್ನು ಕೆಲವು ಸಲ ಬಟ್ಟಲು ಪೂರ್ತಿ ಖಾಲಿ, ಆದರೆ ಅರ್ಧ ಕಾಳು ಪಂಜರದ ತಳದಲ್ಲಿ ಬಿದ್ದಿರುತ್ತದೆ.

ನಮ್ಮದು ಕಾಕಟೀಲ್ ಅನ್ನುವ ಜುಟ್ಟಿನ ಪುಟ್ಟ ಗಿಳಿ, ಹೆಣ್ಣು. ಮನೆಗೆ ಬಂದ ಹೊಸದರಲ್ಲೇ ಹಕ್ಕಿಗಳನ್ನು ನೋಡುವ ಡಾಕ್ಟರಿಗೆ ತೋರಿಸಿದೆ. "ದಿನಕ್ಕೆ ಎಷ್ಟು ಹಾಕಬೇಕು ಡಾಕ್ಟ್ರೇ?" ಅಂದೆ. ಅವರು ತಿರುಗಿ ಕೇಳಿದರು: "ಇದರ ತೂಕ ಎಷ್ಟಿದೆ?" ನಾನು ಸುಮ್ಮನಾದೆ. "ಮೊದಲು ಒಂದು ತೂಕದ ಮೆಷಿನ್ ತಗೊಳ್ಳಿ. ಊಟದ ಲೆಕ್ಕ ಆಮೇಲೆ."

ಹಾಗೆ ಶುರುವಾಯಿತು. ಅಡುಗೆಗೆ ಬಳಸುವ ಡಿಜಿಟಲ್ ತೂಕದ ಮೆಷಿನ್ ಸಾಕು, ಆದರೆ ಅದು ಒಂದೊಂದು ಗ್ರಾಂ ತೋರಿಸಬೇಕು. ಅದರ ಮೇಲೆ ಒಂದು ಪುಟ್ಟ ಕೋಲಿನ ಸ್ಟ್ಯಾಂಡ್ ಇಟ್ಟೆ. ಸ್ಟ್ಯಾಂಡ್ ಇಟ್ಟ ಮೇಲೆ ಸೊನ್ನೆ ಮಾಡಿಕೊಂಡರೆ ಹಕ್ಕಿಯ ತೂಕ ಮಾತ್ರ ಕಾಣುತ್ತದೆ. ಕೋಲಿನ ಮೇಲೆ ಹತ್ತಿ ನಿಂತರೆ ಒಂದೇ ಒಂದು ಸೂರ್ಯಕಾಂತಿ ಬೀಜ. ಈ ವ್ಯಾಪಾರ ಅವಳಿಗೆ ಬೇಗ ಅರ್ಥವಾಯಿತು. ಈಗ ಮೆಷಿನ್ ಹೊರಗೆ ತೆಗೆದರೆ ತಾನಾಗಿಯೇ ಬಂದು ನಿಲ್ಲುತ್ತಾಳೆ.

ತೂಗುವ ಹೊತ್ತು ಮುಖ್ಯ. ಬೆಳಿಗ್ಗೆ ಎದ್ದು ಮೊದಲ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮೊದಲು. ರಾತ್ರಿಯೆಲ್ಲ ತಡೆದು ಹಾಕುವ ಆ ಹಿಕ್ಕೆ ದೊಡ್ಡದಿರುತ್ತದೆ. ಅದಕ್ಕೆ ಮುಂಚೆ ತೂಗಿದರೆ ಒಂದು ಲೆಕ್ಕ, ಆಮೇಲೆ ತೂಗಿದರೆ ಇನ್ನೊಂದು. ನಮ್ಮವಳು 92 ಗ್ರಾಂ ಆಸುಪಾಸು ಇರುತ್ತಾಳೆ. ದಿನಕ್ಕೆ ಒಂದೆರಡು ಗ್ರಾಂ ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ. ಅದಕ್ಕೆ ಗಾಬರಿ ಬೇಡ. ಒಂದು ವಾರ ಪೂರ್ತಿ ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ನೋಡಬೇಕು.

ಮುಂದಿನ ಪ್ರಶ್ನೆ, ಅವಳು ನಿಜವಾಗಿ ತಿನ್ನುವುದು ಎಷ್ಟು? ಹಾಕಿದ್ದು ಎಷ್ಟು ಅನ್ನುವುದು ಬೇರೆ ಮಾತು. ಬೆಳಿಗ್ಗೆ 14 ಗ್ರಾಂ ಮಿಶ್ರಣದ ಕಾಳು ತೂಗಿ ಹಾಕಿದೆ. ಅದರಲ್ಲಿ ನವಣೆ, ಕೆನರಿ ಬೀಜ, ಕುಸುಬೆ, ಒಂದಿಷ್ಟು ಸೂರ್ಯಕಾಂತಿ ಇತ್ತು. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದೆ. ರಾತ್ರಿ ಬಟ್ಟಲಲ್ಲಿ ಉಳಿದದ್ದು, ಕಾಗದದ ಮೇಲೆ ಬಿದ್ದದ್ದು ಎಲ್ಲವನ್ನೂ ಒಂದು ಅಗಲ ತಟ್ಟೆಗೆ ಸುರಿದುಕೊಂಡು ಹಿತ್ತಲಿಗೆ ಹೋಗಿ ಮೆಲ್ಲಗೆ ಊದಿದೆ. ಹೊಟ್ಟು ಹಾರಿ ಹೋಯಿತು, ಇಡೀ ಕಾಳು ಉಳಿಯಿತು. ಉಳಿದ ಕಾಳು ಸುಮಾರು 3 ಗ್ರಾಂ. ಊದುವ ಮುಂಚೆ ತೂಗಿದ್ದರಿಂದ ಹೊಟ್ಟಿನ ಲೆಕ್ಕವೂ ಸಿಕ್ಕಿತು, ಅದೂ ಹತ್ತಿರ ಹತ್ತಿರ 3 ಗ್ರಾಂ. ಅಂದರೆ ಹೊಟ್ಟೆಗೆ ಹೋದದ್ದು 8 ಗ್ರಾಂ. ಕೆಲವು ದಿನ ಹೀಗೇ ಮಾಡಿದೆ. ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ, ಆದರೆ 8 ರಿಂದ 9 ಗ್ರಾಂ ಬಿಟ್ಟು ದೂರ ಹೋಗಲಿಲ್ಲ.

ಇನ್ನೊಂದು ವಿಷಯವೂ ಆ ತಟ್ಟೆಯಲ್ಲಿ ಕಂಡಿತು. ಉಳಿದ ಕಾಳಿನಲ್ಲಿ ಸೂರ್ಯಕಾಂತಿ ಒಂದೂ ಇರಲಿಲ್ಲ. ಮೊದಲು ಅದನ್ನೇ ಆರಿಸಿ ತಿನ್ನುತ್ತಿದ್ದಳು. ಬಟ್ಟಲು ತುಂಬ ಹಾಕಿ, ಖಾಲಿಯಾಗುವ ಮುಂಚೆಯೇ ಮತ್ತೆ ತುಂಬಿದರೆ ಹಕ್ಕಿ ದಿನವಿಡೀ ಅದನ್ನಷ್ಟೇ ತಿಂದುಕೊಂಡು ಇದ್ದುಬಿಡುತ್ತದೆ. ಮಿಶ್ರಣದ ಪೊಟ್ಟಣದ ಮೇಲೆ ಏನೇ ಬರೆದಿರಲಿ, ಹಕ್ಕಿಯ ಮಟ್ಟಿಗೆ ಅದು ಸೂರ್ಯಕಾಂತಿ ಪೊಟ್ಟಣ. ಅದರ ತಿರುಳಿನಲ್ಲಿ ಅರ್ಧದಷ್ಟು ಎಣ್ಣೆಯೇ. ಕ್ಯಾಲ್ಸಿಯಂ ಕಮ್ಮಿ, ವಿಟಮಿನ್ ಎ ಇಲ್ಲವೆಂದೇ ಹೇಳಬೇಕು. ಒಂದು ಗ್ರಾಂ ತಿರುಳಿನಲ್ಲಿ ಹೆಚ್ಚುಕಮ್ಮಿ 6 ಕಿಲೋಕ್ಯಾಲರಿ ಇದೆ. ಇಷ್ಟು ತೂಕದ, ಪಂಜರದಲ್ಲಿರುವ ಹಕ್ಕಿಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 20 ರಿಂದ 25. ಅಂದರೆ ಒಂದೇ ಒಂದು ಗ್ರಾಂ ತಿರುಳು ದಿನದ ಕಾಲು ಭಾಗ ಊಟ! "ಪಾಪ, ಎರಡು ಬೀಜ ತಾನೇ" ಅಂತ ಮನೆಯವರೆಲ್ಲ ಒಬ್ಬೊಬ್ಬರಾಗಿ ಕೊಡುತ್ತಾ ಹೋದರೆ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ನಮ್ಮನೆಯಲ್ಲಿ ಈಗ ಸೂರ್ಯಕಾಂತಿ ಬಟ್ಟಲಿಗೆ ಬೀಳುವುದೇ ಇಲ್ಲ. ತೂಕದ ಮೆಷಿನ್ ಹತ್ತಿದ್ದಕ್ಕೆ, ಕರೆದಾಗ ಕೈಗೆ ಬಂದಿದ್ದಕ್ಕೆ, ಅಷ್ಟೇ.

ಹಾಗಾದರೆ ಅಳತೆ ಎಷ್ಟು? ಕಾಕಟೀಲ್ ಗಾತ್ರದ ಗಿಳಿಗೆ, ಅದರ ತೂಕದ ಹತ್ತನೇ ಒಂದು ಭಾಗದಷ್ಟು ಒಣ ಆಹಾರ ಹೊಟ್ಟೆಗೆ ಹೋಗಬೇಕು ಅಂತ ಶುರು ಮಾಡುವುದು ಒಳ್ಳೆಯದು. 92 ಗ್ರಾಂ ಹಕ್ಕಿಗೆ 9 ಗ್ರಾಂ. ನಮ್ಮ ತಟ್ಟೆಯ ಲೆಕ್ಕವೂ ಅಲ್ಲಿಗೇ ಬಂತು ಅಲ್ವಾ? ಚೆಲ್ಲುವುದಕ್ಕೆ ಅಂತ ಮೇಲೆ ಒಂದೆರಡು ಗ್ರಾಂ ಹಾಕುತ್ತೇನೆ. ಕಾಳು ಕೊಡುವವರು ಹೊಟ್ಟಿಗೂ ಸೇರಿಸಿಕೊಳ್ಳಬೇಕು. ಇದು ಶುರುವಿನ ಅಳತೆ ಮಾತ್ರ. ಒಂದು ವಾರ ಕೊಟ್ಟು ತೂಕ ನೋಡುವುದು. ಏರುತ್ತಾ ಹೋದರೆ ಸ್ವಲ್ಪ ತೆಗೆಯುವುದು, ಇಳಿಯುತ್ತಾ ಹೋದರೆ ಸೇರಿಸುವುದು.

ಹಕ್ಕಿ ಚಿಕ್ಕದಾದಷ್ಟೂ ತನ್ನ ತೂಕಕ್ಕೆ ಹೋಲಿಸಿದರೆ ಜಾಸ್ತಿ ತಿನ್ನುತ್ತದೆ. 30–40 ಗ್ರಾಂ ತೂಗುವ ಪುಟ್ಟ ಗಿಳಿ ಬಡ್ಜಿಗೆ ದಿನಕ್ಕೆ 5–7 ಗ್ರಾಂ ಬೇಕು. 400–500 ಗ್ರಾಂ ಇರುವ ಆಫ್ರಿಕನ್ ಗ್ರೇ ಅನ್ನುವ ದೊಡ್ಡ ಗಿಳಿಗೆ 30–40 ಗ್ರಾಂ ಸಾಕಾಗುತ್ತದೆ, ಅಂದರೆ ಹತ್ತನೇ ಒಂದಕ್ಕಿಂತ ಕಮ್ಮಿ. ಲೋರಿಗಳ ಕಥೆಯೇ ಬೇರೆ. ಅವು ಮಕರಂದ ಕುಡಿಯುವ ಜಾತಿ, ಈ ಲೆಕ್ಕ ಅವಕ್ಕೆ ಬೇಡ.

ಈಗ ನಮ್ಮವಳ ದಿನದ ಊಟದಲ್ಲಿ ಮೂರನೇ ಎರಡು ಭಾಗ ಪೆಲೆಟ್, ಅಂದರೆ ಬೇಕಾದ ಪೋಷಕಾಂಶ ಬೆರೆಸಿ ಮಾಡಿದ ಗುಳಿಗೆಯಂಥ ಹಕ್ಕಿ ಆಹಾರ. ಉಳಿದದ್ದು ಕಾಳು. ಇದರ ಜೊತೆಗೆ ತರಕಾರಿ, ಸೊಪ್ಪು. ಕಾಳಿನಿಂದ ಪೆಲೆಟ್ ಕಡೆಗೆ ತರಲು ವಾರಗಟ್ಟಲೆ ಹಿಡಿಯಿತು. ದಿನದಿಂದ ದಿನಕ್ಕೆ ಒಂದು ಚಿಟಿಕೆ ಕಾಳು ಕಮ್ಮಿ, ಒಂದು ಚಿಟಿಕೆ ಪೆಲೆಟ್ ಜಾಸ್ತಿ. "ಹಸಿವಾದರೆ ತಾನೇ ತಿನ್ನುತ್ತೆ" ಅನ್ನುವ ಹಠ ಗಿಳಿಯ ಹತ್ತಿರ ನಡೆಯುವುದಿಲ್ಲ. ಪೆಲೆಟ್ ಊಟ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ. ಇಷ್ಟು ಸಣ್ಣ ಹಕ್ಕಿ ಒಂದು ದಿನ ಪೂರ್ತಿ ಉಪವಾಸ ಬಿದ್ದರೂ ಜೀವಕ್ಕೇ ಅಪಾಯ. ಆ ವಾರಗಳಲ್ಲಿ ತೂಕ ನೋಡದ ಬೆಳಿಗ್ಗೆ ಇರಲಿಲ್ಲ.

ಬದಲಾಯಿಸುವ ಹೊತ್ತಿನಲ್ಲಿ ಹಕ್ಕಿ ಮೋಸವನ್ನೂ ಮಾಡುತ್ತದೆ. ಪೆಲೆಟ್ ಅನ್ನು ಕೊಕ್ಕಿನಲ್ಲಿ ಪುಡಿ ಮಾಡಿ ಬೀಳಿಸಿ, ಬಟ್ಟಲು ಖಾಲಿ ಮಾಡಿ ತಿಂದವರ ಹಾಗೆ ಕೂತಿರುತ್ತದೆ. ಕೆಲವನ್ನು ಒಯ್ದು ನೀರಿಗೆ ಹಾಕುತ್ತದೆ. ಹಾಗಾಗಿ ನಾನು ಹಿಕ್ಕೆಯನ್ನೂ ನೋಡುತ್ತಿದ್ದೆ. ಸರಿಯಾಗಿ ತಿಂದ ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ: ಹಸಿರೋ ಕಂದೋ ಇರುವ ಗಟ್ಟಿ ಭಾಗ, ಬಿಳಿ ಭಾಗ, ಸ್ವಲ್ಪ ತಿಳಿನೀರು. ಪೆಲೆಟ್ ತಿಂದರೆ ಗಟ್ಟಿ ಭಾಗ ಕಂದಾಗುತ್ತದೆ. ಹಿಕ್ಕೆ ಸಂಖ್ಯೆ ಇಳಿದು, ಕಡು ಹಸಿರಾಗಿ ಚಿಕ್ಕದಾದರೆ ಹೊಟ್ಟೆಗೆ ಏನೂ ಹೋಗಿಲ್ಲ ಅಂತ ಅರ್ಥ. ಅಂಥ ದಿನ ಮರುಮಾತಿಲ್ಲದೆ ಹಳೆಯ ಕಾಳು ಕೊಡುವುದು.

ತರಕಾರಿಯನ್ನು ನಾನು ಗ್ರಾಂ ಲೆಕ್ಕಕ್ಕೆ ಸೇರಿಸುವುದಿಲ್ಲ. ಸೊಪ್ಪು, ಕ್ಯಾರೆಟ್‌ನಲ್ಲಿ ಹತ್ತಕ್ಕೆ ಒಂಬತ್ತು ಭಾಗ ನೀರೇ. ಹತ್ತು ಗ್ರಾಂ ತಿಂದರೂ ಒಣ ಲೆಕ್ಕದಲ್ಲಿ ಒಂದು ಗ್ರಾಂ. ಕ್ಯಾರೆಟ್, ಸಿಹಿಗುಂಬಳ, ಕೆಂಪು ದೊಣ್ಣೆಮೆಣಸಿನಕಾಯಿ, ಕಡು ಹಸಿರು ಸೊಪ್ಪು ಇವುಗಳಿಂದ, ಕಾಳಿನಲ್ಲಿ ಇಲ್ಲದ ವಿಟಮಿನ್ ಎ ಸಿಗುತ್ತದೆ. ಹಣ್ಣು ಮಾತ್ರ ಉಗುರಿನಷ್ಟು ಚೂರು, ಅದೂ ದಿನವೂ ಅಲ್ಲ. ಬೀಜ ತೆಗೆದ ಸೇಬು ಇವಳಿಗೆ ಇಷ್ಟ. ಹಣ್ಣು, ತರಕಾರಿ ತಿಂದ ದಿನ ಹಿಕ್ಕೆ ನೀರಾಗಿರುತ್ತದೆ, ಅದು ಭೇದಿ ಅಲ್ಲ. ಹೆಚ್ಚಿದ ತರಕಾರಿ ಎರಡು ಗಂಟೆ ಆದ ಮೇಲೆ ಪಂಜರದಲ್ಲಿ ಇರಬಾರದು, ಸೆಕೆಯಿದ್ದರೆ ಇನ್ನೂ ಬೇಗ ತೆಗೆಯಬೇಕು. ಆವಕಾಡೊ, ಚಾಕೊಲೇಟ್, ಕಾಫಿ, ಮದ್ಯ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ತಿಂಡಿ, ಇವು ಚೂರೂ ಬೇಡ. ಆವಕಾಡೊ ಅಂತೂ ಕೊಲ್ಲುತ್ತದೆ.

ಊಟ ದಿನಕ್ಕೆ ಎರಡು ಹೊತ್ತು. ಕಾಡಿನ ಗಿಳಿಗಳು ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುಂಚೆ ಮೇಯುತ್ತವೆ, ನಡು ಮಧ್ಯಾಹ್ನ ನೆರಳಲ್ಲಿ ಕೂರುತ್ತವೆ. ಅದಕ್ಕೆ ನಾನೂ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕೊಡುತ್ತೇನೆ. ಸಂಜೆಯದನ್ನು ಸ್ವಲ್ಪ ಕಾಗದದ ಉಂಡೆಗಳಲ್ಲಿ ಸುತ್ತಿ ಇಡುತ್ತೇನೆ. ಹರಿದು ಹುಡುಕಿ ತಿನ್ನುವುದೇ ಅವಳಿಗೆ ಕೆಲಸ. ನೀರು ದಿನಕ್ಕೆ ಎರಡು ಸಲ ಬದಲಾಯಿಸುತ್ತೇನೆ, ಪೆಲೆಟ್ ನೆನೆಸುವ ಚಾಳಿ ಇನ್ನೂ ಹೋಗಿಲ್ಲ.

ಒಂದೇ ಅಳತೆ ವರ್ಷವಿಡೀ ನಡೆಯುವುದಿಲ್ಲ. ಪುಕ್ಕ ಉದುರಿ ಹೊಸದು ಬರುವಾಗ ಒಂದು ಗ್ರಾಂ ಜಾಸ್ತಿ ಮಾಡುತ್ತೇನೆ, ವಾರಕ್ಕೊಮ್ಮೆ ಬೇಯಿಸಿದ ಮೊಟ್ಟೆ ಒಂದು ಚಿಟಿಕೆ. ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ. ಚಳಿ ಇದ್ದಾಗಲೂ ತುಸು ಹೆಚ್ಚು ಬೇಕು. ಹೆಣ್ಣು ಕಾಕಟೀಲ್ ವಿಷಯದಲ್ಲಿ ಮಾತ್ರ ಹುಷಾರು. ದಿನವಿಡೀ ಸಮೃದ್ಧ ಊಟ, ತಡರಾತ್ರಿವರೆಗೂ ದೀಪ ಇದ್ದರೆ ಮೊಟ್ಟೆ ಇಡುವ ಕಾಲ ಬಂತು ಅಂತ ಅದರ ಮೈ ತಿಳಿದುಕೊಳ್ಳುತ್ತದೆ. ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತದೆ. ಒಂದರ ಹಿಂದೆ ಒಂದು ಇಟ್ಟು ಕ್ಯಾಲ್ಸಿಯಂ ಬರಿದಾದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಅಪಾಯ. ಅಳತೆ ಇಟ್ಟು ಕೊಡುವುದಕ್ಕೆ ನನಗೆ ಇದೂ ದೊಡ್ಡ ಕಾರಣ. ಮೊಟ್ಟೆ ಇಡಲು ಶುರು ಮಾಡಿದ ಮೇಲೆ ಊಟ ಕತ್ತರಿಸುವ ಹಾಗಿಲ್ಲ, ಅಳತೆ ಮೊದಲೇ ಇರಬೇಕು.

ತೂಕದ ಜೊತೆ ಕೈಯನ್ನೂ ಬಳಸಿ. ಎದೆಯ ನಡುವೆ ಒಂದು ಮೂಳೆ ಉದ್ದಕ್ಕೆ ಇದೆ. ಬೆರಳಿಟ್ಟರೆ ಮೂಳೆ ಗೊತ್ತಾಗಬೇಕು, ಎರಡೂ ಬದಿ ಮಾಂಸ ತುಂಬಿರಬೇಕು. ಮೂಳೆ ಚೂಪಾಗಿ ಎದ್ದು ನಿಂತಿದ್ದರೆ ಬಡಕಲು. ಮೂಳೆಯೇ ಸಿಗದಿದ್ದರೆ ಕೊಬ್ಬು. ತೂಕ ಹತ್ತನೇ ಒಂದು ಭಾಗ ಇಳಿದರೆ, ನಮ್ಮವಳಿಗೆ ಅಂದರೆ 9 ಗ್ರಾಂ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಗಿಳಿಗಳು ಕಾಯಿಲೆ ಬಚ್ಚಿಡುತ್ತವೆ. ಮುದುರಿ ಕೂರುವ ಹೊತ್ತಿಗೆ ತಡವಾಗಿರುತ್ತದೆ, ಆದರೆ ಮೆಷಿನ್ ಅದಕ್ಕೂ ಮುಂಚೆ ಹೇಳುತ್ತದೆ. ಕಾಯಿಲೆ ಇರುವ ಹಕ್ಕಿಗೆ, ಇನ್ನೂ ತಾನಾಗಿ ತಿನ್ನಲು ಕಲಿಯುತ್ತಿರುವ ಮರಿಗೆ ಈ ಅಳತೆ ಗಿಳತೆ ಏನೂ ಬೇಡ, ತಿನ್ನುವಷ್ಟು ತಿನ್ನಲಿ.

ಒಂದೇ ಪಂಜರದಲ್ಲಿ ಎರಡು ಹಕ್ಕಿ ಇದ್ದರೆ ಬಟ್ಟಲೂ ಎರಡಿರಲಿ, ದೂರ ದೂರ ಕಟ್ಟಿ. ಜೋರಿನದು ಇನ್ನೊಂದನ್ನು ಓಡಿಸಿ ತಾನೇ ತಿನ್ನುವುದು ಇದ್ದದ್ದೇ. ಒಟ್ಟು ಎಷ್ಟು ಖಾಲಿಯಾಯಿತು ಅನ್ನುವುದರಿಂದ ಯಾರು ತಿಂದರು ಅಂತ ತಿಳಿಯುವುದಿಲ್ಲ, ಎರಡನ್ನೂ ಬೇರೆ ಬೇರೆ ತೂಗಿದರೇ ಗೊತ್ತಾಗುವುದು. ನಾನು ಊರಿಗೆ ಹೋಗುವಾಗ ಒಂದೊಂದು ಹೊತ್ತಿನದನ್ನು ತೂಗಿ ಪುಟ್ಟ ಡಬ್ಬಿಗಳಲ್ಲಿ ಹಾಕಿಟ್ಟು ಹೋಗುತ್ತೇನೆ. ನೋಡಿಕೊಳ್ಳುವವರಿಗೆ ಹೇಳುವುದು ಇಷ್ಟೇ: ಹಳೆಯ ಹೊಟ್ಟು ಚೆಲ್ಲಿ ಆಮೇಲೆ ಡಬ್ಬಿ ಸುರಿಯಿರಿ, ಬೆಳಿಗ್ಗೆಯ ತೂಕ ಬರೆದಿಡಿ, ಎಷ್ಟೇ ಕಿರುಚಿದರೂ ಸೂರ್ಯಕಾಂತಿ ಡಬ್ಬಿ ತೆಗೆಯಬೇಡಿ.