ಎಂಟು ವಾರ ಸ್ಟಾರ್ಟ್ ಎಣಿಸಿ ಕೊಂಡ ಪೆಟ್ರೋಲ್ ಎಸ್ಟೇಟ್

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಪೆಟ್ರೋಲ್ ಎಸ್ಟೇಟ್, ಅಂದರೆ ಹಿಂದೆ ಉದ್ದನೆಯ ಡಿಕ್ಕಿ ಇರುವ ಕಾರು, ಮನೆಗೆ ಬಂದು ಹತ್ತಿರ ಹತ್ತಿರ ಎರಡು ವರ್ಷ ಆಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೊಸದರಲ್ಲಿ ಎಲ್ಲ ಸೆಕೆಂಡ್ ಹ್ಯಾಂಡ್ ಕಾರೂ ಚೆನ್ನಾಗಿಯೇ ಓಡುತ್ತದೆ, ಅಲ್ವಾ? ಈಗ 13 ಸಾವಿರ ಮೈಲಿ ಓಡಿಸಿದ್ದೇನೆ, ಇನ್ನು ಬರೆಯಬಹುದು. ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನನ್ನನ್ನು ನೋಡಿ ನಕ್ಕವರು ಒಬ್ಬಿಬ್ಬರಲ್ಲ. ‘ಎರಡು ಲೀಟರ್ ಟರ್ಬೊ, ಅದೂ ಎಸ್ಟೇಟ್, ಅದೂ ಪೆಟ್ರೋಲ್? ತಲೆ ಕೆಟ್ಟಿದ್ಯಾ ಗುರು?’ ಅಂದಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ನೋಟ್‌ಬುಕ್ಕಿನ ಫೋಟೊ ಕಳಿಸು ಅಂತ ಕೇಳುತ್ತಿದ್ದಾರೆ.

ತಿಪಟೂರಿನಿಂದ ಮಾವನವರು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ‘ನೋಡಿ ಅಳಿಯಂದ್ರೇ, ಪೆಟ್ರೋಲ್ ಗಾಡಿ ಶೋಕಿಗೆ, ಡೀಸೆಲ್ ಗಾಡಿ ಸಂಸಾರಕ್ಕೆ.’ ಅವರ ತಪ್ಪಲ್ಲ. 2014ರ ಅಕ್ಟೋಬರ್‌ವರೆಗೂ ನಮ್ಮಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತ್ತು. ಡೀಸೆಲ್ ಅಂದರೆ ಅಗ್ಗ ಅನ್ನೋದು ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಇಂಗ್ಲೆಂಡಿನ ಬಂಕ್‌ನಲ್ಲಿ ಬೋರ್ಡ್ ನೋಡಿದರೆ ಡೀಸೆಲ್ಲೇ ದುಬಾರಿ. ಆದರೂ ಇಲ್ಲಿಗೆ ಬಂದ ನಾವೆಲ್ಲ ಮೊದಲು ಕೊಳ್ಳೋದು ಡೀಸೆಲ್ಲನ್ನೇ. ಇಲ್ಲಿನವರೂ ಕಡಿಮೆಯೇನಿಲ್ಲ. 2001ರಲ್ಲಿ ರೋಡ್ ಟ್ಯಾಕ್ಸನ್ನು ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಕಟ್ಟಿದ ಮೇಲೆ (ಡೀಸೆಲ್‌ನಲ್ಲಿ ಅದು ಕಡಿಮೆ) ಇವರೂ ಡೀಸೆಲ್ ಹಿಂದೆ ಬಿದ್ದರು. 2014ರ ಹೊತ್ತಿಗೆ ಇಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಅರ್ಧ ಡೀಸೆಲ್. ಅದಕ್ಕೇ ಇವತ್ತು ಸೆಕೆಂಡ್ ಹ್ಯಾಂಡ್ ಎಸ್ಟೇಟ್ ಹುಡುಕಿದರೆ ಕಣ್ಣಿಗೆ ಬೀಳೋದೆಲ್ಲ ಅದೇ.

ನಾನೂ 2019ರಲ್ಲಿ ಹಾಗೇ ಬಿದ್ದೆ. 2012ರ ಡೀಸೆಲ್ ಎಸ್ಟೇಟ್, ಹೊಗೆ ನಿಯಮದ ಲೆಕ್ಕದಲ್ಲಿ ಯೂರೊ 5. ಯಾವ ಕಂಪನಿ ಅಂತ ಹೇಳೋದಿಲ್ಲ, ತಪ್ಪು ಕಾರಿನದ್ದಲ್ಲ. ಲೋವರ್ ಅರ್ಲಿಯ ಮನೆಯಿಂದ ಸ್ಕೂಲಿಗೆ ಒಂದೂವರೆ ಮೈಲಿ, ಆಫೀಸಿಗೆ ನಾಲ್ಕು. ಮೊದಲ ವರ್ಷ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು.

ಒಂದು ಬೆಳಿಗ್ಗೆ ಇನ್ನೂ ಕಣ್ಣ ಮುಂದಿದೆ. ಜನವರಿ, ಹೊರಗೆ ಒಂದೋ ಎರಡೋ ಡಿಗ್ರಿ. ಸ್ಕೂಲ್ ಗೇಟಿನ ಮುಂದೆ ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಆಫ್ ಮಾಡಿದರೂ ಮುಂದಿನ ಫ್ಯಾನ್ ಗಿರ್ರೋ ಅಂತ ಜೋರಾಗಿ ತಿರುಗುತ್ತಲೇ ಇತ್ತು. ಕಾದ ಕಬ್ಬಿಣದ ವಾಸನೆ. ಅಕ್ಕಪಕ್ಕದ ಅಮ್ಮಂದಿರು ತಿರುಗಿ ನೋಡಿದರು. ಮಗಳು ಬ್ಯಾಗ್ ಹಾಕಿಕೊಳ್ಳುತ್ತಾ, ‘ಅಪ್ಪಾ, ಕಾರು ಬೈತಾ ಇದೆ’ ಅಂದಳು. ಡೀಸೆಲ್ ಹೊಗೆಯ ಮಸಿ ಹಿಡಿಯೋಕೆ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತದೆ. ಕೂಡಿದ ಮಸಿಯನ್ನು ಕಾರು ಓಡುತ್ತಾ ಆಗಾಗ ತಾನೇ ಸುಟ್ಟುಕೊಳ್ಳೋದಕ್ಕೆ ರೀಜೆನ್ ಅಂತಾರೆ, ಅದಕ್ಕೆ ಒಂದಿಷ್ಟು ಹೊತ್ತು ಬಿಡದೆ ಓಡಬೇಕು. ಆ ರೀಜೆನ್ ಅರ್ಧಕ್ಕೇ ನಿಂತಿತ್ತು. ಹಿಂದಿನ ದಿನ ಸಂಜೆಯೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ. ಐಡಲ್ (ಕಾರು ನಿಂತಾಗಿನ ಎಂಜಿನ್ ಸುತ್ತು) ಸಾವಿರಕ್ಕೆ ಏರಿರೋದು, ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದಿರೋದು, ರೀಜೆನ್ ನಡೀತಿದೆ ಅನ್ನೋ ಈ ಸೂಚನೆಗಳನ್ನೆಲ್ಲ ನೋಡಿಯೂ ನೋಡದ ಹಾಗೆ ಇದ್ದೆ.

ಆಮೇಲೆ ಹಳದಿ ದೀಪ, ಆಮೇಲೆ ಬಿಲ್ಲು. ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಹಚ್ಚಿ ಬಲವಂತದ ರೀಜೆನ್, 120 ಪೌಂಡ್, ಎರಡು ಸಲ. ಪ್ರೆಶರ್ ಸೆನ್ಸರ್ 160. ಹೊಗೆಯನ್ನು ಎಂಜಿನ್‌ಗೆ ವಾಪಸ್ ಕಳಿಸುವ ಇಜಿಆರ್ ವಾಲ್ವ್ 580. ಫಿಲ್ಟರ್ ಬಿಚ್ಚಿ ತೊಳೆಸಿದ್ದು 340. ರೀಜೆನ್ ಪದೇ ಪದೇ ಕೈಕೊಟ್ಟಾಗ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಹೋಗುತ್ತದೆ. ಅದಕ್ಕಾಗಿ ಮೂರು ಸಲ ಹೊತ್ತಲ್ಲದ ಹೊತ್ತಿನಲ್ಲಿ ಆಯಿಲ್ ಬದಲಾವಣೆ. ಮೂರು ವರ್ಷದಲ್ಲಿ ಹತ್ತಿರ ಹತ್ತಿರ 1,600 ಪೌಂಡ್. ಊರಿನ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ. ಹೊಸ ಡಿಪಿಎಫ್‌ಗೆ 1,400 ಅಂದಾಗ ಹೆಂಡತಿ, ‘ರೀ, ಆ ದುಡ್ಡಿಗೆ ಊರಿಗೆ ಹೋಗಿ ಬರಬಹುದು’ ಅಂದಳು.

ಅದಕ್ಕೆ ಮೊದಲು ನಾನು ಮಾಡದ ಸರ್ಕಸ್ ಇಲ್ಲ. ಫಿಲ್ಟರ್ ತೊಳೆಯುತ್ತೆ ಅನ್ನೋ ದ್ರವದ ಬಾಟಲಿಯನ್ನು 12 ಪೌಂಡ್ ಕೊಟ್ಟು ತಂದು ಟ್ಯಾಂಕಿಗೆ ಸುರಿದೆ. ಎರಡು ಸಲ. ಕಾರಿನ ಕಂಪ್ಯೂಟರ್ ಓದುವ ಡಾಂಗಲ್‌ನಲ್ಲಿ ನೋಡಿದರೆ ಮಸಿಯ ಲೆಕ್ಕ ಒಂದು ಗ್ರಾಂ ಕೂಡ ಅಲುಗಲಿಲ್ಲ. ಕೆಲಸಕ್ಕೆ ಬಂದದ್ದು ಒಂದೇ, ಭಾನುವಾರದ ಓಟ. ಎಂ4 ಮೋಟರ್‌ವೇಗೆ ಜಂಕ್ಷನ್ 11ರಲ್ಲಿ ಹತ್ತಿ, ನಾಲ್ಕನೇ ಗೇರಿನಲ್ಲಿ ಗಂಟೆಗೆ 70 ಮೈಲಿಯಲ್ಲಿ ನ್ಯೂಬರಿ ಕಡೆಗೆ, ಅಲ್ಲಿಂದ ತಿರುಗಿ ವಾಪಸ್. ಇಪ್ಪತ್ತರ ಮೇಲಿದ್ದ ಮಸಿ ಹದಿನೈದು ನಿಮಿಷದಲ್ಲಿ ನಾಲ್ಕೈದು ಗ್ರಾಂಗೆ ಇಳಿಯುತ್ತಿತ್ತು. ನೋಡೋಕೆ ಖುಷಿ. ಆದರೆ ಪ್ರತಿ ಓಟಕ್ಕೂ ಐದು ಪೌಂಡ್ ಡೀಸೆಲ್, ಜೊತೆಗೆ ನನ್ನ ಭಾನುವಾರದ ಬೆಳಿಗ್ಗೆ. ಪಕ್ಕದ ಮನೆಯವರು ನಾಯಿಯನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು, ನಾನು ಕಾರನ್ನು.

2023ರ ಆಗಸ್ಟ್ 29ಕ್ಕೆ ಯುಲೆಜ್, ಅಂದರೆ ಹೊಗೆ ಜಾಸ್ತಿ ಬಿಡುವ ಗಾಡಿಗೆ ದಿನದ ಶುಲ್ಕ ಹಾಕುವ ವಲಯ, ಇಡೀ ಲಂಡನ್‌ಗೆ ಹಬ್ಬಿತು. ಹೀಥ್ರೂ ಕೂಡ ಅದರ ಒಳಗೆ. ಯೂರೊ 5 ಡೀಸೆಲ್‌ಗೆ ದಿನಕ್ಕೆ 12.50 ಪೌಂಡ್. ಪೆಟ್ರೋಲ್‌ಗೆ ಯೂರೊ 4 ಆದರೂ ಸಾಕು, ಡೀಸೆಲ್‌ಗೆ ಯೂರೊ 6 ಬೇಕು. ನಮ್ಮ ಮನೆಗೆ ಊರಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ಅವರನ್ನು ಏರ್‌ಪೋರ್ಟಿನಿಂದ ಕರೆತರಲು ಒಂದು ಸಲ, ಬಿಡಲು ಒಂದು ಸಲ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಬಸವಣ್ಣನವರ ಪ್ರತಿಮೆ ತೋರಿಸಲು ಒಂದು ಸಲ. ಒಬ್ಬ ನೆಂಟರಿಗೆ ಮೂರು ಯುಲೆಜ್. ಆವತ್ತೇ ಮಾರೋದು ಅಂತ ತೀರ್ಮಾನಿಸಿದೆ.

ಈ ಸಲ ಅಂದಾಜಿನ ಮೇಲೆ ಕೊಳ್ಳಬಾರದು ಅಂತ ಮಗಳ ಹಳೇ ಗಣಿತದ ನೋಟ್‌ಬುಕ್ ಡ್ಯಾಶ್‌ಬೋರ್ಡ್ ಮೇಲೆ ಇಟ್ಟೆ. ಎಂಟು ವಾರ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಎಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಒಂದು ಸಾಲು. ಎಷ್ಟು ಮೈಲಿ, ಎಷ್ಟು ನಿಮಿಷ, ಆಫ್ ಮಾಡುವಾಗ ಆಯಿಲ್ 80 ಡಿಗ್ರಿ ಮುಟ್ಟಿತ್ತಾ ಇಲ್ಲವಾ. ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಬಿಸಿ ತೋರಿಸುವ ಮುಳ್ಳನ್ನು ನಂಬಬೇಡಿ, ಅದು ಬೇಗ 90ಕ್ಕೆ ಬಂದು ಸುಮ್ನೆ ಕೂರುತ್ತದೆ. ಆಯಿಲ್ ಅದಕ್ಕಿಂತ ತುಂಬಾ ನಿಧಾನ. ಹೆಂಡತಿ ಓಡಿಸಿದಾಗ ಬರೆಯೋದು ಮರೆತು ಜಗಳವಾಗಿದ್ದೂ ಉಂಟು.

ಒಟ್ಟು ಸುಮಾರು 230 ಸ್ಟಾರ್ಟ್. ಆಯಿಲ್ 80 ಮುಟ್ಟಿದ್ದು ಮೂವತ್ತು ಚಿಲ್ಲರೆ ಸಲ. ಇಪ್ಪತ್ತು ನಿಮಿಷ ಒಂದೇ ಸಮನೆ ಮೋಟರ್‌ವೇಯಲ್ಲಿ ಓಡಿದ್ದು 14 ಸಲ. ಅದರಲ್ಲೂ ಹತ್ತು, ದೀಪಾವಳಿ ಮತ್ತು ಸ್ಕೂಲ್ ರಜೆಯ ಎರಡು ವಾರದಲ್ಲೇ ಮುಗಿದಿತ್ತು. ನಡುವೆ 17 ದಿನ ಒಂದೂ ಇಲ್ಲ. ಈಗ ಮೈಲಿ ಕೂಡಿಸಿ ನೋಡಿ. 1,100 ಮೈಲಿಯಲ್ಲಿ ಅರ್ಧಕ್ಕರ್ಧ ಮೋಟರ್‌ವೇ! ಮೈಲಿ ಎಣಿಸಿದರೆ ನಾನು ಡೀಸೆಲ್ ಗಿರಾಕಿ, ಸ್ಟಾರ್ಟ್ ಎಣಿಸಿದರೆ ಪೆಟ್ರೋಲ್ ಗಿರಾಕಿ. ಐದು ವರ್ಷ ನನ್ನನ್ನು ಯಾಮಾರಿಸಿದ್ದು ಇದೇ.

ಗೆಳೆಯರಿಗೆ ತೋರಿಸಿದರೆ ಯಾರೂ ಒಪ್ಪಲಿಲ್ಲ. ‘ಯೂರೊ 6 ಡೀಸೆಲ್‌ಗೆ ಆ ತೊಂದರೆ ಇಲ್ಲ’ ಅಂದರು. ಫಿಲ್ಟರ್ ಅದಕ್ಕೂ ಇದೆ, ಮಸಿ ಅದರಲ್ಲೂ ಸುಡಬೇಕು, ಸುಡೋಕೆ 600 ಡಿಗ್ರಿ ಹತ್ತಿರ ಬೇಕೇ ಬೇಕು.

ಕಾರು ಯಾವುದು ಅನ್ನೋದರಲ್ಲಿ ಗೊಂದಲ ಇರಲಿಲ್ಲ. ಫೋರ್ಡ್ ಫೋಕಸ್ ಎಸ್‌ಟಿ ಎಸ್ಟೇಟ್ ಓಡಿಸಿ ನೋಡಿದೆ, ಸೀಟು ನನ್ನ ಸೊಂಟಕ್ಕೆ ಬಿಗಿ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಎಸ್ಟೇಟ್‌ಗೆ 610 ಲೀಟರ್ ಡಿಕ್ಕಿ. ಒಂದೇ ಬಾಡಿಯಲ್ಲಿ 184 ಪಿಎಸ್ (ಹಾರ್ಸ್‌ಪವರ್ ಥರದ ಅಳತೆ) ಡೀಸೆಲ್ಲೂ ಇದೆ, 230 ಪಿಎಸ್ ಪೆಟ್ರೋಲೂ ಇದೆ. ಎರಡನ್ನೂ ಒಂದೇ ವಾರದಲ್ಲಿ ಓಡಿಸಿದೆ. ಡೀಸೆಲ್‌ನಲ್ಲಿ 380 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಶಕ್ತಿ, ರೌಂಡಬೌಟ್ ಬಿಟ್ಟ ತಕ್ಷಣ ತಳ್ಳುವ ಪಿಕಪ್ ಚೆನ್ನಾಗಿಯೇ ಇದೆ, ಸುಳ್ಳು ಹೇಳಲ್ಲ. ಪೆಟ್ರೋಲ್‌ನಲ್ಲಿ 350, ಆದರೆ ಅದು ಐದೂವರೆ ಸಾವಿರ ಆರ್‌ಪಿಎಂವರೆಗೂ ಉಸಿರು ಬಿಡದೆ ಎಳೆಯುತ್ತದೆ. ಮೂತಿಯೂ ಹಗುರ, ತಿರುವಿನಲ್ಲಿ ಗೊತ್ತಾಗುತ್ತದೆ.

ತೆರಿಗೆಯಲ್ಲಿ ಒಂದು ಸೂಕ್ಷ್ಮ ಇದೆ. 2017ರ ಏಪ್ರಿಲ್ 1ರಿಂದ ನೋಂದಣಿಯಾದ ಕಾರುಗಳಿಗೆ ಎರಡನೇ ವರ್ಷದಿಂದ ಪೆಟ್ರೋಲ್, ಡೀಸೆಲ್ ಎರಡಕ್ಕೂ ಒಂದೇ ರೋಡ್ ಟ್ಯಾಕ್ಸ್. ಅದಕ್ಕಿಂತ ಮುಂಚಿನದಾದರೆ ಡೀಸೆಲ್‌ಗೆ ಚಿಲ್ಲರೆ ಕಾಸು, ಪೆಟ್ರೋಲ್‌ಗೆ ಜಾಸ್ತಿ. ತಮಾಷೆ ಏನೆಂದರೆ ನೋಂದಣಿಯ ಕಾಲ ತೋರಿಸುವ ‘17’ರ ನಂಬರ್ ಪ್ಲೇಟ್ ಮಾರ್ಚ್ 1ಕ್ಕೇ ಶುರು. ಒಂದೇ 17, ಮಾರ್ಚ್‌ನದು ಹಳೇ ತೆರಿಗೆ, ಏಪ್ರಿಲ್‌ನದು ಹೊಸದು. ಮಾರುವವರಲ್ಲೇ ಅರ್ಧ ಜನಕ್ಕೆ ಇದು ಗೊತ್ತಿಲ್ಲ. ಡೀಸೆಲ್‌ಗೆ ಇದ್ದ ಕೊನೆಯ ಲಾಭವೂ ಅಲ್ಲಿಗೆ ಮುಗಿಯಿತು.

ಹುಡುಕಾಟದಲ್ಲಿ ಕೈ ಸುಟ್ಟುಕೊಂಡಿದ್ದೂ ಇದೆ. ಮೊದಲನೆಯದು ಸ್ವಿಂಡನ್ ಕಡೆ. ಹತ್ತು ಗಂಟೆಗೆ ಬರ್ತೀನಿ ಅಂದಿದ್ದೆ, ಎಂಟೂವರೆಗೇ ಹೋದೆ. ಬಾನೆಟ್ ಮೇಲೆ ಕೈಯಿಟ್ಟರೆ ಹಬೆಯಾಡುವ ಇಡ್ಲಿ ಪಾತ್ರೆ ಮುಟ್ಟಿದ ಹಾಗೆ. ಅಷ್ಟು ಬೆಳಿಗ್ಗೆಯೇ ಬಿಸಿ ಮಾಡಿಟ್ಟಿದ್ದಾರೆ ಅಂದರೆ ತಣ್ಣಗಿರುವಾಗ ಏನೋ ಸದ್ದಿದೆ ಅಂತಲೇ ಅರ್ಥ. ಟೀ ಕೂಡ ಕುಡಿಯದೆ ಬಂದೆ. ಎರಡನೆಯದಕ್ಕೆ 180 ಪೌಂಡ್ ಕೊಟ್ಟು ತಪಾಸಣೆ ಮಾಡಿಸಿದೆ. 62 ಸಾವಿರ ಮೈಲಿ ಓಡಿದ್ದರೂ ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಆಯಿಲ್ ಒಮ್ಮೆಯೂ ಬದಲಾಯಿಸಿಲ್ಲ. 40 ಸಾವಿರಕ್ಕೇ ಆಗಬೇಕಿತ್ತು. 180 ಹೋಯಿತು, ಡಿಎಸ್‌ಜಿ ರಿಪೇರಿಯ ದುಡ್ಡು ಉಳಿಯಿತು ಅಂದುಕೊಂಡೆ. ಮೂರನೆಯದು ಚೆನ್ನಾಗಿತ್ತು, ಒಂದು ರಾತ್ರಿ ಯೋಚನೆ ಮಾಡ್ತೀನಿ ಅಂದೆ, ಬೆಳಿಗ್ಗೆಗೆ ಬೇರೆಯವರ ಪಾಲು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯದೇ ನನ್ನದು. 2017ರ ಜೂನ್ ನೋಂದಣಿ, 48 ಸಾವಿರ ಮೈಲಿ. ಎಂಒಟಿ (ಇಲ್ಲಿನ ವರ್ಷದ ಕಡ್ಡಾಯ ತಪಾಸಣೆ) ಇತಿಹಾಸವನ್ನು ಸರ್ಕಾರದ ಸೈಟಿನಲ್ಲಿ ಪುಕ್ಕಟೆ ನೋಡಬಹುದು. ನಾನು ನೋಡೋದು ಪಾಸ್-ಫೇಲ್ ಅಲ್ಲ, ಟೈರಿನ ಟಿಪ್ಪಣಿ. ಪ್ರತಿ ವರ್ಷ ‘ಟೈರ್ ಸವೆದಿದೆ’ ಅಂತ ಬಂದರೆ ಆ ಮಾಲೀಕ ಕೈಬಿಚ್ಚಿ ಖರ್ಚು ಮಾಡುವವನಲ್ಲ. ಆಮೇಲೆ ಟಾರ್ಚ್ ಹಾಕಿ ವಾಟರ್ ಪಂಪ್ ಕೆಳಗೆ, ಗೇರ್‌ಬಾಕ್ಸ್ ಮೇಲ್ಭಾಗದಲ್ಲಿ ಒಣಗಿದ ಗುಲಾಬಿ ಬಣ್ಣದ ಕೂಲೆಂಟ್ ಕಲೆ ಹುಡುಕಿದೆ. ಈ ಪೆಟ್ರೋಲ್ ಎಂಜಿನ್‌ನ ಥರ್ಮೋಸ್ಟಾಟ್ ಹೌಸಿಂಗ್ ಸೋರೋದು ಹೊಸ ಸುದ್ದಿಯಲ್ಲ. ಕಲೆ ಇರಲಿಲ್ಲ, ಶುದ್ಧ. 14,900 ಕೇಳಿದರು, 14,200ಕ್ಕೆ ತಂದೆ. ಆ 700 ಹೇಗೆ ಇಳಿಸಿದೆ, ಈ ಕಾರು ಜಾಹೀರಾತಿಗೆ ಬರುವ ಮೊದಲೇ ನನಗೆ ಹೇಗೆ ಗೊತ್ತಾಯಿತು, ಇವೆರಡನ್ನು ಮಾತ್ರ ಬರೆಯಲ್ಲ. ಹೆಂಡತಿಗೆ ಇನ್ನೊಂದು ಕಾರು ಕೊಳ್ಳೋದಿದೆ. ಹಳೇ ಡೀಸೆಲ್‌ನ ಕಥೆಯನ್ನೆಲ್ಲ ಬಿಚ್ಚಿ ಹೇಳಿಯೇ ಮಾರಿದೆ, 2,300 ಬಂತು.

ಈಗ ದುಡ್ಡು. ವರ್ಷಕ್ಕೆ ನಮ್ಮದು ಏಳೂವರೆ ಸಾವಿರ ಮೈಲಿ. ಹಳೇ ಡೀಸೆಲ್ ಗ್ಯಾಲನ್‌ಗೆ (ಇಲ್ಲಿ ಸುಮಾರು ನಾಲ್ಕೂವರೆ ಲೀಟರ್) 41 ಮೈಲಿ ಕೊಡುತ್ತಿತ್ತು. ಪುಸ್ತಕದಲ್ಲಿರುವ 60 ನಮ್ಮ ಓಡಾಟಕ್ಕೆ ಕನಸು. ಪೆಟ್ರೋಲ್ 33 ಕೊಡುತ್ತಿದೆ. ಡೀಸೆಲ್ ಲೀಟರಿಗೆ 1.48, ಪೆಟ್ರೋಲ್ 1.40 ಅಂತ ಇಟ್ಟುಕೊಂಡರೆ ವರ್ಷಕ್ಕೆ 210-220 ಪೌಂಡ್ ಜಾಸ್ತಿ ಸುಡುತ್ತೇನೆ. ಇನ್ಶೂರೆನ್ಸ್ 90 ಜಾಸ್ತಿ. ಆದರೆ ರಿಪೇರಿಗೆ ಹೋಗುತ್ತಿದ್ದ ಐನೂರು ಚಿಲ್ಲರೆ ನಿಂತಿದೆ, ಯುಲೆಜ್‌ನ ನೂರು ಚಿಲ್ಲರೆ ನಿಂತಿದೆ, ಭಾನುವಾರ ವಾಪಸ್ ಬಂದಿದೆ. ಈ ಎರಡು ವರ್ಷದಲ್ಲಿ ಆದ ಖರ್ಚು ಎರಡು ಟೈರ್, ಬ್ರೇಕ್ ಫ್ಲೂಯಿಡ್, ಆಯಿಲ್, ಅಷ್ಟೇ. ಪೆಟ್ರೋಲ್ ಟರ್ಬೊಗೆ ಸಣ್ಣ ಓಡಾಟ ಅಮೃತ ಅಂತೇನೂ ಅಲ್ಲ. ಲಾಂಗ್‌ಲೈಫ್ ಆಯಿಲ್ ಅಂತ 18 ಸಾವಿರ ಮೈಲಿವರೆಗೆ ಕಾಯದೆ ಎಂಟು ಸಾವಿರಕ್ಕೇ ಆಯಿಲ್ ಬದಲಾಯಿಸುತ್ತೇನೆ. ಇನ್ನೂ ಹೊಸದು ನೋಡುವವರು ಗಮನಿಸಿ, 2018ರ ಆಚೆಗೆ ಹಲವು ಪೆಟ್ರೋಲ್ ಟರ್ಬೊಗಳಿಗೂ ಮಸಿ ಫಿಲ್ಟರ್ ಬಂದಿದೆ.

ನಡುವೆ ಒಂದು ಹುಚ್ಚು ಪ್ರಯೋಗ. ಮಾಮೂಲಿ ಇ10 ಪೆಟ್ರೋಲ್ ನಾಲ್ಕು ಟ್ಯಾಂಕ್, 99 ಆಕ್ಟೇನ್‌ನ ಸೂಪರ್ ನಾಲ್ಕು ಟ್ಯಾಂಕ್, ಒಂದೇ ಬಂಕ್, ಒಂದೇ ಪಂಪ್. ಸೂಪರ್‌ನಲ್ಲಿ ಒಂದು ಮೈಲಿ ಜಾಸ್ತಿ ಬಂತು, ಅಂದರೆ ನೂರಕ್ಕೆ ಮೂರು. ಬೆಲೆ ನೂರಕ್ಕೆ ಹತ್ತು ಜಾಸ್ತಿ. ಎಂಜಿನ್ ಸದ್ದು ಸ್ವಲ್ಪ ನಯ ಅನ್ನಿಸಿತು. ಬಹುಶಃ ದುಡ್ಡು ಕೊಟ್ಟಿದ್ದಕ್ಕೆ ಹಾಗನ್ನಿಸಿದ್ದು.

ಕಳೆದ ಬೇಸಿಗೆ ಅತ್ತೆ-ಮಾವ ಬಂದರು. ಹೀಥ್ರೂನಲ್ಲಿ 23 ಕೆಜಿಯ ನಾಲ್ಕು ಸೂಟ್‌ಕೇಸ್, ಮೇಲೆ ಕೊಬ್ಬರಿ, ಚಟ್ನಿಪುಡಿಯ ಒಂದು ಡಬ್ಬ. ಎಲ್ಲ ಡಿಕ್ಕಿಯೊಳಗೆ, ಸೀಟು ಮಡಚದೆ. ಅತ್ತೆ ಹಿಂದಿನಿಂದ ನೋಡಿ, ‘ಇದೇನು, ಆಂಬುಲೆನ್ಸ್ ಥರ ಇದೆ’ ಅಂದರು. ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗುವಾಗ ಮಾವ ಮುಂದೆ ಕೂತಿದ್ದರು. ಎಂ40ನಲ್ಲಿ ಒಂದು ಲಾರಿಯನ್ನು ಸ್ವಲ್ಪ ಉತ್ಸಾಹದಿಂದಲೇ ದಾಟಿದೆ. ಬೆನ್ನು ಸೀಟಿಗೆ ಅಂಟಿದ್ದು ಅವರಿಗೂ ಗೊತ್ತಾಯಿತು.

‘ಲೀಟರಿಗೆ ಎಷ್ಟು ಕೊಡುತ್ತೆ?’

‘ಹೈವೇಯಲ್ಲಿ ಹದಿನಾಲ್ಕು ಕಿಲೋಮೀಟರ್, ಮಾವ.’

‘ಲೀಟರ್ ಎಷ್ಟು?’

‘ನೂರೈವತ್ತು ರೂಪಾಯಿ ಹತ್ತಿರ.’

ವಾರಿಕ್ ದಾಟುವವರೆಗೂ ಮಾತಾಡಲಿಲ್ಲ.

ಎಲ್ಲರಿಗೂ ಪೆಟ್ರೋಲೇ ಸರಿ ಅಂತ ನಾನು ಹೇಳಿದ್ದೇ ಇಲ್ಲ. ಸ್ವಿಂಡನ್‌ಗೆ ದಿನಾ ಹೋಗಿ ಬರುವ ಗೆಳೆಯನಿಗೆ ಅದೇ ಕಾರಿನ 184 ಡೀಸೆಲ್ ಕೊಡಿಸಿದ್ದು ನಾನೇ. ದಿನಕ್ಕೆ 80 ಮೈಲಿ, ಎರಡೇ ಸ್ಟಾರ್ಟ್, ಗ್ಯಾಲನ್‌ಗೆ 52. ನನ್ನ ಕಾರಿನಲ್ಲಿ ಅಷ್ಟೇ ಓಡಿದ್ದರೆ ವರ್ಷಕ್ಕೆ ಆರುನೂರೈವತ್ತು ಪೌಂಡ್ ಜಾಸ್ತಿ ಬೀಳುತ್ತಿತ್ತು. ಅವನ ಕಾರಿನಲ್ಲಿ ಇವತ್ತಿನವರೆಗೂ ದೀಪ ಉರಿದಿಲ್ಲ. ಆದರೆ ಹೋದ ತಿಂಗಳಿಂದ ಅವನ ಆಫೀಸಿನಲ್ಲಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ, ಕಾರು ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಓಡುತ್ತಿದೆ. ಮೊನ್ನೆ ಸಿಕ್ಕಾಗ ‘ಮಗಾ, ಐಡಲ್ ಯಾಕೋ ಸಾವಿರದಲ್ಲಿ ನಿಂತಿರುತ್ತೆ’ ಅಂದ. ಮಗಳ ಇನ್ನೊಂದು ಹಳೇ ನೋಟ್‌ಬುಕ್ ಹುಡುಕಿ ಅವನ ಕೈಗೆ ಕೊಟ್ಟಿದ್ದೇನೆ.